ಹಳದಿ ಬಾವುಟದ ಹೊತ್ತಿನ ಮಾತು

ಮೊದಲಿಗೆ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಮೈಸೂರಿನಲ್ಲಿ ಐದನೇ ಕ್ಲಾಸಿನವರೆಗೆ ಕಲಿತ ಕನ್ನಡ ಇದು. ಆಮೇಲೆ ಅಮೆರಿಕದಲ್ಲಿ ಸೇರಿದ ಶಾಲೆಯನ್ನೂ ಅರ್ಧಕ್ಕೆ ಬಿಟ್ಟೆ. ಒತ್ತಕ್ಷರಗಳನ್ನು ಎರಡೆರಡು ಸಲ ನೋಡಿ ಬರೆದಿದ್ದೇನೆ, ಆದರೂ ತಪ್ಪು ಉಳಿದಿರಬಹುದು. ಪದ ಸಿಗದ ಕಡೆ ದೊಡ್ಡಮ್ಮನನ್ನು ಕೇಳಿದ್ದೇನೆ. ಇದು ನನ್ನ ದೊಡ್ಡಪ್ಪ ತ್ಯಾಗರಾಜರ ಕಥೆ. ನಾನೂ ಇದರಲ್ಲಿ ಬರುತ್ತೇನೆ. ಬಂದಾಗ ಹರಿಣಿ ಎಂದಷ್ಟೇ ಬರೆಯುತ್ತೇನೆ, ಏಕೆಂದರೆ ಕಥೆ ಅವರದು.

ತ್ಯಾಗರಾಜರು ನಾರ್ತ್ ಕ್ಯಾರೊಲಿನಾದ ಕಾನ್ಕರ್ಡ್‌ಗೆ ಬಂದದ್ದು ರೇಸಿನ ಹುಚ್ಚಿನಿಂದಲ್ಲ. ಬೆಂಗಳೂರಿನ ಪೀಣ್ಯದ ಟೂಲ್ ರೂಮಿನಲ್ಲಿ ಕೆಲಸ ಕಲಿತಿದ್ದ ಅವರನ್ನು ನೂಲಿನ ಗಿರಣಿಗಳ ಯಂತ್ರ ರಿಪೇರಿಗೆಂದು ಒಂದು ಕಂಪನಿ ಕರೆಸಿಕೊಂಡಿತು. ಅವರು ಬಂದು ಬೇರು ಬಿಡುವಷ್ಟರಲ್ಲಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಪಕ್ಕದ ಮೂರ್ಸ್‌ವಿಲ್‌ನಲ್ಲಿ ಸ್ಟಾಕ್ ಕಾರ್ ರೇಸಿಗೆ ಎಂಜಿನ್ ಕಟ್ಟುವ ಶೆಡ್ಡುಗಳಿದ್ದವು. ಹೊರಗಿನಿಂದ ರಸ್ತೆಯ ಕಾರಿನಂತೆಯೇ ಕಾಣುವ, ಒಳಗೆ ಬೇರೆಯೇ ಆದ ಕಾರುಗಳು ಮೊಟ್ಟೆಯಾಕಾರದ ಟ್ರ್ಯಾಕಿನಲ್ಲಿ ಎಡಕ್ಕೆ, ಮತ್ತೆ ಎಡಕ್ಕೆ ತಿರುಗುತ್ತ ಓಡುವ ರೇಸು ಅದು. ಲೋಹ ಉಜ್ಜಲು ಬರುತ್ತದೆಯೇ ಎಂದು ಶೆಡ್ಡಿನವರು ಕೇಳಿದರು. ಬರುತ್ತದೆ ಎಂದರು. ಅಷ್ಟೆ, ಮಾರನೆಯ ವಾರದಿಂದ ಕೆಲಸ.

ಎಂಜಿನ್ನಿನ ಮೇಲ್ಭಾಗದಲ್ಲಿ ಗಾಳಿ ಒಳಹೋಗುವ ದಾರಿಗಳನ್ನು ಕೈಯಿಂದ ಉಜ್ಜಿ ತಿದ್ದುವುದು ಅವರ ಕೆಲಸವಾಗಿತ್ತು. ಗಾಳಿ ಸರಾಗವಾಗಿ ಹೋದಷ್ಟೂ ಕಾರಿಗೆ ಕಸುವು. ಬೆರಳನ್ನು ಒಳಗೆ ತೂರಿಸಿ, ಕಣ್ಣು ಮುಚ್ಚಿ, ಎಲ್ಲಿ ಉಬ್ಬಿದೆ ಎಂದು ಹುಡುಕುತ್ತಿದ್ದರು. ತ್ಯಾಗರಾಜ ಎಂಬ ಹೆಸರು ಶೆಡ್ಡಿನಲ್ಲಿ ಯಾರ ನಾಲಿಗೆಯಲ್ಲೂ ಹೊರಳದೆ ‘ಟಿ’ ಆಯಿತು. ಕೆಲಸ ಬಿಡುವವರೆಗೂ ಅವರು ಅಲ್ಲಿ ಟಿ ಆಗಿಯೇ ಇದ್ದರು.

ಆ ಕಾಲವೇ ಚೆನ್ನಾಗಿತ್ತು ಎಂದು ಅವರು ಎಂದೂ ಹೇಳುವುದಿಲ್ಲ. ಕೈಕೆಲಸದ ಜಾಗಕ್ಕೆ ಕಂಪ್ಯೂಟರಿನಿಂದ ನಡೆಯುವ ಮೆಷಿನ್ ಬಂದಾಗ ಜೊತೆಯವರು ಗೊಣಗಿದರು, ಇವರು ಗೊಣಗಲಿಲ್ಲ. “ಮೆಷಿನ್ ನನಗಿಂತ ಚೆನ್ನಾಗಿ ಮಾಡುತ್ತೆ, ಸುಳ್ಳು ಯಾಕ್ ಹೇಳ್ಲಿ” ಎನ್ನುತ್ತಾರೆ. ದೊಡ್ಡ ರೇಸುಗಳಿಗೆ ಹೋದಾಗ ಗುಲಾಮಗಿರಿಯ ಪರವಾಗಿ ಯುದ್ಧ ಮಾಡಿದವರ ಬಾವುಟಗಳು ಸಾಲಾಗಿ ಹಾರುತ್ತಿದ್ದವು. ಅವುಗಳ ನಡುವೆ ಊಟದ ಡಬ್ಬಿ ಹಿಡಿದು ನಡೆಯುವಾಗ ಇವರ ಕಣ್ಣು ನೆಲ ನೋಡುತ್ತಿತ್ತು. 2020ರಲ್ಲಿ ಆ ರೇಸುಗಳನ್ನು ನಡೆಸುವ ನ್ಯಾಸ್ಕಾರ್‌ನವರು ಆ ಬಾವುಟವನ್ನು ಬೇಡವೆಂದರು. ಅದರ ಬಗ್ಗೆ ಕೇಳಿದರೆ, “ಲೇಟಾಯ್ತು. ಆದ್ರೂ ಆಯ್ತಲ್ಲ” ಎನ್ನುತ್ತಾರೆ. ಮೊದಲೆಲ್ಲ ಚಕ್ರಕ್ಕೆ ಐದು ನಟ್ಟು. ಬಿಚ್ಚುವಾಗ ಟರ್ ಟರ್ ಎಂದು ಐದು ಸಲ ಕೇಳುತ್ತಿತ್ತು. ಈಗ ದೊಡ್ಡ ಕಾರುಗಳಿಗೆ ಒಂದೇ ನಟ್ಟು. ಬೇಗ ಆಗುತ್ತದೆಂದು ಒಪ್ಪಿಕೊಳ್ಳುತ್ತಾರೆ, ಆದರೆ ಆ ಸದ್ದು ಕಿವಿಯಿಂದ ಹೋಗಿಲ್ಲ. ರೇಸನ್ನು ತುಂಡು ಮಾಡಿ ನಡುವೆ ಬಿಡುವು ಕೊಡುವುದು ಮಾತ್ರ ಅವರಿಗೆ ಸುತರಾಂ ಹಿಡಿಸುವುದಿಲ್ಲ. “ಸಿನಿಮಾಗೆ ಇಂಟರ್‌ವಲ್ ಬೇಕು, ಪಾಪ್‌ಕಾರ್ನ್ ಮಾರ್ಬೇಕಲ್ಲ. ರೇಸ್‌ಗ್ಯಾಕೆ?”

ಊರಿನ ಕನ್ನಡ ಸಂಘದ ಯುಗಾದಿ ಊಟದಲ್ಲಿ ಯಾರಾದರೂ ಒಬ್ಬರು ಪ್ರತಿವರ್ಷ ಅದೇ ಮಾತು ತೆಗೆಯುತ್ತಿದ್ದರು: “ಏನ್ ಸಾರ್, ಗಾಣದ ಎತ್ತಿನ ಥರ ಸುತ್ತೋದನ್ನ ಏನಂತ ನೋಡ್ತೀರ?” ಇವರ ಉತ್ತರವೂ ಪ್ರತಿವರ್ಷ ಅದೇ: “ಗಾಣದ ಎತ್ತನ್ನ ಹಿಂದಿನಿಂದ ಇನ್ನೊಂದು ಎತ್ತು ಗುದ್ದಲ್ಲ ಸ್ವಾಮಿ.”

ಕೋವಿಡ್ ಬಂದ ವರ್ಷ ಖಾಲಿ ಗ್ಯಾಲರಿಗಳ ಮುಂದೆ ರೇಸು ಓಡಿತು. ಶೆಡ್ಡಿನಲ್ಲಿ ಜನ ಕಡಿಮೆ ಮಾಡಿದರು. ತ್ಯಾಗರಾಜರು ವಯಸ್ಸಾದವರು, ಅವರನ್ನು ಗೌರವದಿಂದಲೇ ಕಳಿಸಿಕೊಟ್ಟರು. ಆಮೇಲೆ ಮನೆಯ ಮುಂದಿನ ಡ್ರೈವ್‌ವೇಯಲ್ಲಿ ಕುರ್ಚಿ ಹಾಕಿಕೊಂಡು ಕೂತು, ಬೀದಿಯಲ್ಲಿ ಹೋಗುವ ಗಾಡಿಗಳ ಸದ್ದು ಕೇಳಿ ಕಾಯಿಲೆ ಹೇಳತೊಡಗಿದರು. ಅವರ ಹೆಂಡತಿ ರಾಜಲಕ್ಷ್ಮಿಗೆ ಅದನ್ನು ನೋಡಲಾಗುತ್ತಿರಲಿಲ್ಲ.

“ಕೊರಿಯರ್ ವ್ಯಾನ್‌ಗೂ ಕಾಯಿಲೆ ಹೇಳ್ತೀರಲ್ಲ ರೀ, ಅವನೇನು ಫೀಸ್ ಕೊಡ್ತಾನಾ?”

“ಬೇರಿಂಗ್ ಹೋಗಿದೆ ಕಣೇ. ಹೇಳೋದು ಬೇಡ್ವಾ?”

“ಬೇಡ. ಒಳಗೆ ಬನ್ನಿ, ಹುರುಳಿಕಾಯಿ ಬಿಡಿಸಿ.”

ಹುರುಳಿಕಾಯಿಯಿಂದ ಅವರನ್ನು ಪಾರು ಮಾಡಿದವರು ಡಾಕ್ಟರ್ ಯೋಗೇಶ. ಆಪರೇಷನ್‌ಗೆ ಮುಂಚೆ ಅರಿವಳಿಕೆ ಕೊಡುವ ಡಾಕ್ಟರು ಅವರು. ಮಗ ನಿಖಿಲ್‌ಗೆಂದು ಸಣ್ಣ ಟ್ರ್ಯಾಕುಗಳಲ್ಲಿ ಓಡುವ ಒಂದು ಹಳೆಯ ಸ್ಟಾಕ್ ಕಾರು ಕೊಂಡಿದ್ದರು. ನಿಖಿಲ್ ಕಾಲೇಜಿಗೆ ಹೋದ, ಕಾರು ಉಳಿಯಿತು. ಅದೇ ಹೊತ್ತಿಗೆ ರಾಜಲಕ್ಷ್ಮಿಯ ತಂಗಿಯ ಮಗಳು ಹರಿಣಿ ಪಕ್ಕದ ರಾಜ್ಯದ ಜಾನ್ಸ್ ಕ್ರೀಕ್‌ನಲ್ಲಿ ಹನ್ನೊಂದನೇ ಕ್ಲಾಸು ಬಿಟ್ಟು ದೊಡ್ಡಮ್ಮನ ಮನೆಗೆ ಬಂದಿದ್ದಳು. ಮಾತು ಕಡಿಮೆ. ಗೋ-ಕಾರ್ಟ್ ಎಂಬ ಪುಟ್ಟ ರೇಸ್ ಗಾಡಿ ಓಡಿಸಿ ಅಭ್ಯಾಸವಿತ್ತು. ಯೋಗೇಶರ ಗ್ಯಾರೇಜಿನಲ್ಲಿ ಕಾರು ತೊಳೆಯಲು ಶುರು ಮಾಡಿದವಳು ಒಂದು ದಿನ ಅದನ್ನು ಓಡಿಸಿ ತೋರಿಸಿದಳು. ತ್ಯಾಗರಾಜರು ಅವಳ ಸ್ಪಾಟರ್ ಆದರು.

ಡ್ರೈವರನ್ನು ಸೀಟಿಗೆ ಬಿಗಿದು, ಹೆಲ್ಮೆಟ್ ಕದಲದಂತೆ ಪಟ್ಟಿ ಕಟ್ಟಿರುತ್ತಾರೆ. ಕತ್ತು ತಿರುಗಿಸಿ ನೋಡಲಾಗುವುದಿಲ್ಲ. ಪಕ್ಕದಲ್ಲಿ ಯಾರಿದ್ದಾರೆ ಎಂದು ಎತ್ತರದಲ್ಲಿ ನಿಂತು ರೇಡಿಯೊದಲ್ಲಿ ಹೇಳುವವನೇ ಸ್ಪಾಟರ್. ಅವರ ಟ್ರ್ಯಾಕಿನಲ್ಲಿ ಗ್ಯಾಲರಿಯ ಎದುರು ಬದಿಗೆ ಕಬ್ಬಿಣದ ಅಟ್ಟಣೆಯಿತ್ತು, ಅದರ ಕೆಳಗೆ ಕಾರುಗಳನ್ನು ಸಜ್ಜು ಮಾಡುವ ಪಿಟ್. ಕಾರುಗಳು ಓಡುವಾಗ ತ್ಯಾಗರಾಜರ ಬಾಯಲ್ಲಿ ಮೂರೇ ಇಂಗ್ಲಿಷ್ ಪದ: ಇನ್‌ಸೈಡ್, ಔಟ್‌ಸೈಡ್, ಕ್ಲಿಯರ್. ಆದರೆ ಎಲ್ಲೋ ಯಾರೋ ಗುದ್ದಿಕೊಂಡು ಹಳದಿ ಬಾವುಟ ಬಿದ್ದರೆ ಎಲ್ಲ ಕಾರುಗಳೂ ಸಾಲಾಗಿ ನಿಧಾನ ಸುತ್ತಬೇಕು. ಆಗ ಡ್ರೈವರಿನ ತಲೆಯಲ್ಲಿ ಸಿಟ್ಟು ಕುದಿಯುತ್ತದೆ; ಕುದಿಯುವ ತಲೆ ಹಸಿರು ಬಾವುಟ ಬಿದ್ದ ಕೂಡಲೇ ತಪ್ಪು ಮಾಡುತ್ತದೆ. ಅದಕ್ಕೆ ತ್ಯಾಗರಾಜರು ಕಂಡುಕೊಂಡ ಮದ್ದು ಕನ್ನಡದಲ್ಲಿ ಹರಟೆ. ಶೆಡ್ಡಿನ ಹಳೆಯ ಕಥೆ, ಯಾವ ಮೆಕ್ಯಾನಿಕ್ ಯಾರ ಹೆಂಡತಿಗೆ ಹೆದರುತ್ತಿದ್ದ, ಮುಂದಿನ ಕಾರಿನವನ ಟಯರು ಎಷ್ಟು ಸವೆದಿದೆ, ಎಲ್ಲ. ರೇಡಿಯೊ ಯಾರು ಬೇಕಾದರೂ ಕೇಳಬಹುದು, ಬೇರೆ ಟೀಮಿನವರು ಕೇಳುತ್ತಲೂ ಇದ್ದರು. ಕೇಳಿ ಏನು ಮಾಡುತ್ತಾರೆ? ಇವರ ಮೆಕ್ಯಾನಿಕ್ ವೇಡ್ ಕೂಡ ಆರಂಭದಲ್ಲಿ ಏನು ಹೇಳಿದೆ ಎಂದು ಕೇಳುತ್ತಿದ್ದ. “ಟಯರ್ ತಣ್ಣಗಿಟ್ಕೋ ಅಂದೆ” ಎಂದು ಇವರು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಅಷ್ಟು ಉದ್ದದ ಮಾತಿಗೆ ಇಷ್ಟೇ ಅರ್ಥವೇ ಎಂದು ವೇಡ್ ತಲೆ ಕೆರೆದುಕೊಳ್ಳುತ್ತಿದ್ದ.

2023ರ ಬೇಸಿಗೆ ಮುಗಿಯುವ ಹೊತ್ತಿಗೆ ಯೋಗೇಶರು ಕೈಚೆಲ್ಲಿದರು. “ತ್ಯಾಗು, ಇನ್ನು ನನ್ನ ಕೈಲಾಗಲ್ಲ. ಸ್ಪಾನ್ಸರ್ ಸಿಕ್ರೆ ಮುಂದಿನ ವರ್ಷ ಓಡ್ಸೋಣ. ಇಲ್ಲಾಂದ್ರೆ ಕಾರ್ ಮಾರ್ತೀನಿ.”

ತ್ಯಾಗರಾಜರು ಆಗಲಿ ಎಂದರು. ಮನೆಗೆ ಬಂದು ಡ್ರೈವ್‌ವೇಯ ಕುರ್ಚಿಯನ್ನು ನೋಡಿದರು. ಕಾರಿಲ್ಲದವನನ್ನು ಅಟ್ಟಣೆ ಹತ್ತಲು ಯಾರೂ ಬಿಡುವುದಿಲ್ಲ. ಉಳಿದ ವರ್ಷಗಳೆಲ್ಲ ಆ ಕುರ್ಚಿಯ ಮೇಲೆಯೇ ಎಂಬುದು ಅವರಿಗೆ ಸ್ಪಷ್ಟವಾಗಿ ಕಂಡಿತು. ಅದನ್ನು ಮಡಚಿ ಗ್ಯಾರೇಜಿನೊಳಗೆ ಇಟ್ಟರು.

ಯೋಗೇಶರು ಗಿರಾಕಿ ಹುಡುಕಿದರು. ಉತ್ತರಕ್ಕೆ ಪಕ್ಕದ ರಾಜ್ಯದ ಸ್ಟರ್ಲಿಂಗ್‌ನಲ್ಲಿ ಸಾಫ್ಟ್‌ವೇರ್ ಕಂಪನಿ ನಡೆಸುವ ಹರಿಪ್ರಸಾದ ಎಂಬವರು ಸೀಸನ್ನಿನ ಕೊನೆಯ ರೇಸಿಗೆ ಹೆಂಡತಿ ಇಂದು ಜೊತೆ ಬರಲು ಒಪ್ಪಿದರು. ಗ್ಯಾಲರಿ ತುಂಬಿದಂತೆ ಕಾಣಲಿ ಎಂದು ಯೋಗೇಶರು ಸಂಘದ ಕುಟುಂಬಗಳನ್ನೂ ಕರೆದರು. ಎಲ್ಲರೂ ಹಳದಿ ಕೆಂಪು ಟೀ ಶರ್ಟ್ ಹಾಕಿಕೊಂಡು, ಪುಳಿಯೋಗರೆ ಕಟ್ಟಿಕೊಂಡು ಬಂದರು. ಅತಿಥಿಗಳಿಗೆ ಏನೂ ಕೊರತೆಯಾಗಬಾರದೆಂದು ಯೋಗೇಶರು ಇನ್ನೊಂದು ಕೆಲಸ ಮಾಡಿದರು: ಗೇಟಿನ ಅಂಗಡಿಯಿಂದ ಒಬ್ಬೊಬ್ಬರಿಗೂ ಹೆಡ್‌ಸೆಟ್ ಬಾಡಿಗೆಗೆ ತಂದು, ತಮ್ಮ ಕಾರಿನ ರೇಡಿಯೊಗೆ ಹೊಂದಿಸಿ ಕೊಟ್ಟರು. ಅವರು ತಾವೆಂದೂ ಆ ರೇಡಿಯೊ ಕೇಳಿದವರಲ್ಲ, ಸದ್ದಿಗೆ ತಲೆನೋವು ಬರುತ್ತಿತ್ತು. ಅಟ್ಟಣೆಗೆ ಈ ಸುದ್ದಿ ಯಾರೂ ಮುಟ್ಟಿಸಲಿಲ್ಲ.

ರೇಸು ಶುರುವಾಗಿ ಸ್ವಲ್ಪ ಹೊತ್ತಿಗೇ ಹಳದಿ ಬಾವುಟ ಬಿತ್ತು. ಒಬ್ಬ ಹರಿಣಿಯ ಕಾರಿನ ಹಿಂಭಾಗ ತಟ್ಟಿ ಮುಂದೆ ಹೋಗಿದ್ದ. ಅವಳ ಉಸಿರು ರೇಡಿಯೊದಲ್ಲಿ ಜೋರಾಗಿ ಕೇಳುತ್ತಿತ್ತು.

“ಬಿಡು ಮಗಾ, ಅವನ ಮುಂದಿನ ಟಯರು ಮುಗೀತಾ ಬಂದಿದೆ, ತಾನೇ ಬಂದು ಕೈಗೆ ಸಿಗ್ತಾನೆ” ಎಂದರು ತ್ಯಾಗರಾಜರು. “ನಮ್ಮ ಸ್ಟರ್ಲಿಂಗ್ ಸಾಹೇಬರನ್ನ ನೋಡಿದ್ಯಾ? ಬಿಳಿ ಶೂ ಹಾಕ್ಕೊಂಡು ಪಿಟ್‌ಗೆ ಬಂದ್ಬಿಟ್ಟಿದ್ರು. ಬಂದವರೇ ಟಯರ್‌ಗೆ ಕಾಲಲ್ಲಿ ಒದ್ದು ನೋಡಿದ್ರು. ಕುಂಬಳಕಾಯಿ ತಟ್ಟಿ ನೋಡ್ದಂಗೆ. ಜನ್ಮದಲ್ಲಿ ಒಂದು ಟಯರ್ ಬಿಚ್ಚಿರೋ ಕೈ ಅಲ್ಲ ಅದು.”

ಹರಿಣಿ ಕಿಸಕ್ಕೆಂದಳು. ಅವಳ ಉಸಿರು ಹದಕ್ಕೆ ಬಂತು. ಅದನ್ನು ಕೇಳಿ ಇವರು ಇನ್ನೂ ಹುರುಪಾದರು.

“ಯೋಗೇಶ ಅವರ ಹಿಂದೆ ಮುಂದೆ ಓಡಾಡ್ತಿದ್ದದ್ದು ನೋಡಿದ್ಯಾ? ಮದುವೆ ಮನೇಲಿ ಹೆಣ್ಣಿನ ಅಪ್ಪ ಇದ್ದಂಗಿದ್ದ. ಇನ್ನೇನು ಕಾಲು ತೊಳೆಯೋದೊಂದು ಬಾಕಿ.”

ಅಷ್ಟು ಹೇಳಿ ಎದುರಿನ ಗ್ಯಾಲರಿ ಕಡೆ ಕಣ್ಣು ಹಾಯಿಸಿದರು. ಹಳದಿ ಕೆಂಪು ಟೀ ಶರ್ಟಿನ ಸಾಲು ಒಟ್ಟಿಗೆ ಅಲುಗುತ್ತಿತ್ತು. ಒಬ್ಬರು ಪಕ್ಕದವರ ಭುಜ ಹಿಡಿದು ಬಗ್ಗಿದ್ದರು. ಸುತ್ತಲಿನ ಅಮೆರಿಕನ್ನರು ಏನಾಯಿತೆಂದು ಅವರನ್ನು ನೋಡುತ್ತಿದ್ದರು. ತ್ಯಾಗರಾಜರು ದುರ್ಬೀನು ಎತ್ತಿದರು. ಎಲ್ಲರ ಕಿವಿಯ ಮೇಲೂ ದಪ್ಪ ಹೆಡ್‌ಸೆಟ್. ಎಲ್ಲರ ಮುಖವೂ ಅಟ್ಟಣೆಯ ಕಡೆ.

ಗುಂಡಿ ಒತ್ತಿ ಮೆಲ್ಲಗೆ ಹೇಳಿದರು: “ನನ್ನ ಮಾತು ಕೇಳಿಸ್ತಿರೋರು… ಸ್ವಲ್ಪ ಕೈ ಎತ್ತಿ.”

ಇಡೀ ಸಾಲು ಕೈ ಎತ್ತಿತು. ನಡುವೆ ಕೂತಿದ್ದ ಒಬ್ಬರು ಕೈಯ ಬದಲು ಬಿಳಿ ಶೂ ಬಿಚ್ಚಿ ಮೇಲೆತ್ತಿ ತೋರಿಸಿದರು.

ಭೂಮಿ ಬಾಯಿ ಬಿಟ್ಟರೆ ಇಳಿದುಬಿಡೋಣ ಅನ್ನಿಸಿತು ತ್ಯಾಗರಾಜರಿಗೆ. ಆದರೆ ನಿಂತದ್ದು ಕಬ್ಬಿಣದ ಮೇಲೆ. ಅಲ್ಲದೆ ಅಷ್ಟರಲ್ಲಿ ಹಸಿರು ಬಾವುಟ ಬಿತ್ತು. ಉಳಿದ ರೇಸಿನಲ್ಲಿ ಅವರು ಮೂರು ಪದ ಬಿಟ್ಟು ನಾಲ್ಕನೆಯದು ಆಡಲಿಲ್ಲ. ಹರಿಣಿ ನಾಲ್ಕನೆಯವಳಾಗಿ ಮುಗಿಸಿದಳು. ಮೆಟ್ಟಿಲಿಳಿಯುವಾಗ ಅವರಿಗೆ ಕಂಡದ್ದು ಗ್ಯಾರೇಜಿನಲ್ಲಿ ಮಡಚಿಟ್ಟ ಕುರ್ಚಿ ಮಾತ್ರ.

ಪಿಟ್‌ನಲ್ಲಿ ಯೋಗೇಶರು ಮುಖ ಗಂಟು ಹಾಕಿಕೊಂಡು ನಿಂತಿದ್ದರು. ಅವರ ಪಕ್ಕದಲ್ಲಿದ್ದವರು ಕೈಮುಗಿದರು. “ನಮಸ್ಕಾರ ಸಾರ್. ನಾನೇ ಬಿಳಿ ಶೂ.”

“ತಪ್ಪಾಯ್ತು. ಹುಡುಗಿ ಮನಸ್ಸು ಹಗುರ ಆಗ್ಲಿ ಅಂತ ಏನೋ…”

“ಟಯರ್ ವಿಷಯ ಮಾತ್ರ ಒಪ್ಪಲ್ಲ ಸಾರ್. ನಮ್ಮಪ್ಪಂದು ಜೆ.ಸಿ. ರೋಡಲ್ಲಿ ಗ್ಯಾರೇಜು. ಡಿಗ್ರಿ ಮುಗಿಯೋವರ್ಗೂ ಲಾರಿ ಟಯರ್ ಬಿಚ್ಚಿದೀನಿ. ಒದ್ದು ನೋಡೋದೂ ಅಲ್ಲೇ ಕಲ್ತಿದ್ದು.” ಹರಿಪ್ರಸಾದರು ಅಂಗೈ ತೋರಿಸಿದರು. ಹೆಬ್ಬೆರಳಿನ ಬುಡದಲ್ಲಿ ಹಳೆಯ ಗಾಯದ ಗುರುತಿತ್ತು. “ಸಬ್ಬಲ್ ಜಾರಿದ್ದು.”

ತ್ಯಾಗರಾಜರು ಆ ಗುರುತನ್ನು ನೋಡಿದರು. ತಮ್ಮ ಮಾತು ನಿಜಕ್ಕೂ ತಪ್ಪಾಗಿತ್ತು. “ಹಾಗಾದ್ರೆ ಅದನ್ನ ವಾಪಸ್ ತಗೋತೀನಿ. ಕುಂಬಳಕಾಯಿನೂ ವಾಪಸ್ಸು” ಎಂದರು.

“ಹೆಣ್ಣಿನ ಅಪ್ಪ ಅಂದಿದ್ದು ಇರ್ಲಿ ಬಿಡಿ, ಅದು ಕರೆಕ್ಟಾಗಿತ್ತು” ಎಂದರು ಇಂದು. ಯೋಗೇಶರೂ ನಗಲೇಬೇಕಾಯಿತು.

ಹರಿಪ್ರಸಾದರಿಗೆ ಕೋಪ ಬಂದಿರಲಿಲ್ಲ, ಆಸೆ ಬಂದಿತ್ತು. ಸ್ಪಾನ್ಸರ್ ಮಾಡುತ್ತೇನೆ, ಆದರೆ ಒಂದು ಷರತ್ತು ಎಂದರು. ಹಳದಿ ಬಾವುಟದ ಹೊತ್ತಿನ ಮಾತು ಅಟ್ಟಣೆಯಿಂದ ನೇರವಾಗಿ ಇಂಟರ್ನೆಟ್ಟಿನಲ್ಲಿ ಬರಬೇಕು. ಶ್ಯಾಂಟಿಲಿ, ಜಾನ್ಸ್ ಕ್ರೀಕ್, ಎಲ್ಲ ಕಡೆಯ ಕನ್ನಡದವರೂ ಕೂತು ಕೇಳಬೇಕು. “ಈ ಥರ ಮಾತು ಕೇಳಿ ಎಷ್ಟು ವರ್ಷ ಆಗಿತ್ತು ಗೊತ್ತಾ ಸಾರ್?” ತ್ಯಾಗರಾಜರು ಒಪ್ಪಿದರು. ಆ ಕ್ಷಣದಲ್ಲಿ ಅವರು ಯಾವುದಕ್ಕೆ ಬೇಕಾದರೂ ಒಪ್ಪುತ್ತಿದ್ದರು.

ಮಾರ್ಚಿನಲ್ಲಿ ಟ್ರ್ಯಾಕು ತೆರೆದಾಗ ಒಂದು ಅಭ್ಯಾಸದ ರೇಸಿಟ್ಟುಕೊಂಡರು. ಅಟ್ಟಣೆಯ ಕಂಬಿಗೆ ಫೋನು ಕಟ್ಟಿದರು. ತ್ಯಾಗರಾಜರು ಆ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಹಳದಿ ಬಾವುಟ ಬಿತ್ತು. ಅವರು ಗಂಟಲು ಸರಿಮಾಡಿಕೊಂಡರು.

“ಆತ್ಮೀಯ ಕನ್ನಡ ಬಾಂಧವರೇ, ಈಗ ನಾವು ಕಾಣುತ್ತಿರುವುದು…”

“ದೊಡ್ಡಪ್ಪ, ಯಾರ ಹತ್ರ ಮಾತಾಡ್ತಿದೀರ?” ಎಂದಳು ಹರಿಣಿ.

ಅವರಿಗೂ ಗೊತ್ತಾಗಲಿಲ್ಲ. ಮೆಕ್ಯಾನಿಕ್ ಮತ್ತು ಹೆಂಡತಿಯ ಕಥೆ ಹೇಳೋಣವೆಂದರೆ ಹೆಂಗಸರು ಕೇಳುತ್ತಿದ್ದಾರೆ. ಆ ಗುಲಾಮಗಿರಿಯ ಬಾವುಟಗಳ ವಿಷಯ ಹೇಳೋಣವೆಂದರೆ ಅದು ಯಾವ ಯಾವ ಕಿವಿಗೆ ಹೋಗಿ ಏನಾಗುತ್ತದೋ. ಐದು ನಟ್ಟಿನ ಸದ್ದಿನ ಬಗ್ಗೆ ಒಂದು ಒಳ್ಳೆಯ ವಾಕ್ಯ ಹೊಳೆಯಿತು. ಅದನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದಾಗ ಹಸಿರು ಬಾವುಟ ಬಿತ್ತು. ವಾಕ್ಯ ಇನ್ನೂ ಮುಗಿದಿರಲಿಲ್ಲ. ಒಂದು ಕಾರು ಹರಿಣಿಯ ಎಡಮಗ್ಗುಲಿಗೆ ನುಗ್ಗಿದ್ದು ಅವರ ಕಣ್ಣಿಗೆ ಬಿತ್ತು, ಬಾಯಿಗೆ ಬರುವುದು ತಡವಾಯಿತು. ಜಾಗ ಖಾಲಿಯೆಂದುಕೊಂಡು ಅವಳು ಕಾರನ್ನು ಎಡಕ್ಕೆ ಇಳಿಸಿದಳು. ಎರಡೂ ತಾಗಿದವು. ಅವಳ ಕಾರು ಗಿರಕಿ ಹೊಡೆದು, ಬಲಮಗ್ಗುಲನ್ನು ಗೋಡೆಗೆ ಉದ್ದಕ್ಕೂ ಉಜ್ಜಿಕೊಂಡು ನಿಂತಿತು.

“ಹರಿಣಿ? ಹರಿಣಿ, ಮಾತಾಡು. ಮಾತಾಡೇ.”

“ಇದೀನಿ ದೊಡ್ಡಪ್ಪ. ಮೊಣಕೈ ತಗುಲಿದೆ ಅಷ್ಟೇ.”

ಅವರು ಕಂಬಿ ಹಿಡಿದುಕೊಂಡರು. ಕಟ್ಟಿದ್ದ ಫೋನಿನಲ್ಲಿ ಕೇಳುಗರು ಬರೆದ ಸಾಲುಗಳು ಮೇಲೇರುತ್ತಿದ್ದವು. ‘ಸೂಪರ್ ಸಾರ್, ಸಿನಿಮಾ ಥರ ಇತ್ತು.’ ಅದರ ಕೆಳಗೆ ಚಪ್ಪಾಳೆಯ ಚಿತ್ರಗಳು. ಬರೆದವರದು ತಪ್ಪಿರಲಿಲ್ಲ, ಅವರಿಗೆ ಕಂಡದ್ದು ಅಷ್ಟೇ. ತ್ಯಾಗರಾಜರು ಫೋನನ್ನು ಬಿಚ್ಚಿ ಜೇಬಿಗಿಳಿಸಿದರು.

ಮಾರನೆಯ ದಿನ ಮಧ್ಯಾಹ್ನ ಊಟದ ಟೇಬಲ್ಲಿನಿಂದಲೇ ಹರಿಪ್ರಸಾದರಿಗೆ ಫೋನು ಮಾಡಿದರು. ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದ್ದರು. ಯೋಗೇಶರೂ ಅಲ್ಲಿದ್ದರು.

“ನನ್ನ ಕೈಲಿ ಆಗಲ್ಲ ಹರಿಪ್ರಸಾದ್. ಆ ಮಾತು ಅವಳೊಬ್ಬಳಿಗೆ. ನೂರು ಜನ ಕೇಳ್ತಿದಾರೆ ಅಂದ್ರೆ ನನ್ನ ಗಮನ ನೂರು ಜನರ ಮೇಲಿರುತ್ತೆ, ಅವಳ ಮೇಲಿರಲ್ಲ. ನಿನ್ನೆ ಮೊಣಕೈಗೆ ಹೋಯ್ತು.”

“ಅಭ್ಯಾಸ ಆಗುತ್ತೆ ಸಾರ್.”

“ಅಭ್ಯಾಸ ಆಗೋವರೆಗೂ ಗೋಡೆಗೆ ಹೋಗೋಳು ಅವಳಲ್ವಾ? ಕಾರ್ ನಿಂತ್ರೆ ನಿಲ್ಲಲಿ.”

ಹಾಗೆಂದ ಮೇಲೆ ಅವರು ಯೋಗೇಶರ ಕಡೆ ನೋಡಲಿಲ್ಲ. ತಟ್ಟೆಯಲ್ಲಿ ಸಾರನ್ನ ಆರುತ್ತಿತ್ತು. ಅಟ್ಟಣೆಯನ್ನು ತಾವೇ ಕೈಯಾರೆ ಬಿಟ್ಟುಕೊಟ್ಟೆವೆಂದು ಅವರಿಗೆ ಗೊತ್ತಿತ್ತು. ಆಗ ಬಾಯಿ ತೆರೆದದ್ದು ಮಜ್ಜಿಗೆ ಬಡಿಸುತ್ತಿದ್ದ ರಾಜಲಕ್ಷ್ಮಿ.

“ಅಲ್ಲಪ್ಪಾ, ನಿಮಗೆ ಇವರ ಮಾತು ಬೇಕು ಅಂದ್ರೆ ಈ ಟೇಬಲ್ ಮುಂದೆ ದಿನಾ ಬೇಕಾದಷ್ಟು ಸುರೀತಾರೆ. ಯಾರೂ ಗೋಡೆಗೆ ಗುದ್ದಲ್ಲ. ಹರಿಣಿ ಕೇಳ್ಕೊಂಡು ಬರೀಲಿ, ನಿಮ್ಮ ಸಂಘದ ಪತ್ರಿಕೇಲಿ ಹಾಕ್ಕೊಳ್ಳಿ.”

“ನಾನಾ?” ಎಂದಳು ಹರಿಣಿ.

“ಇನ್ಯಾರು, ನಿಖಿಲ್ ಬರೀತಾನಾ? ಅವನಿಗೆ ಕ ಬರೆದ್ರೆ ಕೋಳಿ ಥರ ಕಾಣುತ್ತೆ.”

“ಅತ್ತಿಗೆ, ಅದು ನಿಜ” ಎಂದರು ಯೋಗೇಶರು.

ಹರಿಪ್ರಸಾದರು ನಕ್ಕರು, ಆಮೇಲೆ ವ್ಯಾಪಾರದ ದನಿಗೆ ಬಂದರು. ಬರಹ ಅಂದರೆ ನೇರಪ್ರಸಾರದಷ್ಟು ಜನ ನೋಡುವುದಿಲ್ಲ, ಹಾಗಾಗಿ ಮೊದಲು ಹೇಳಿದಷ್ಟು ಆಗುವುದಿಲ್ಲ ಎಂದರು. ಅರ್ಧ ಸೀಸನ್ನಿಗೆ ಕೊಡುತ್ತೇನೆ. ಬಾನೆಟ್ ಮೇಲೆ ಬೇಡ, ಹಿಂದೆ ಕಂಪನಿಯ ಹೆಸರು ಹಾಕಿ ಸಾಕು. ಉಳಿದದ್ದು ಆಮೇಲೆ ನೋಡೋಣ. ಯೋಗೇಶರು, ಹಾಗಾದರೆ ದೂರದ ಟ್ರ್ಯಾಕುಗಳು ಬೇಡ, ಊರಿನದಷ್ಟೇ ಓಡಿಸೋಣ ಎಂದರು. ತ್ಯಾಗರಾಜರು ತಟ್ಟೆಯನ್ನು ಮುಂದಕ್ಕೆಳೆದುಕೊಂಡು ಊಟ ಮುಂದುವರಿಸಿದರು. ಜುಲೈವರೆಗೆ ಅಟ್ಟಣೆ ಅವರದು. ಅದರಾಚೆ ಏನೆಂದು ಅವರು ಕೇಳಲಿಲ್ಲ.

ಆ ಸಂಜೆ ಬರೆಯಲು ಕೂತ ಹರಿಣಿ, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದಳು. “ಬಿಳಿ ಶೂ ವಿಷಯ ಬಿಡಬೇಡ. ಆದ್ರೆ ಆ ಗಾಯದ ಗುರುತೂ ಬರಿ” ಎಂದರು ತ್ಯಾಗರಾಜರು. ಮೆಕ್ಯಾನಿಕ್ ಮತ್ತು ಹೆಂಡತಿಯ ಕಥೆ ಬರೆಯಲೇ ಎಂದಾಗ, ಅದು ಹಳದಿ ಬಾವುಟದ ಹೊತ್ತಿಗೆ ಮಾತ್ರ ಎಂದರು.

ಅದಕ್ಕೇ ಅದನ್ನು ಇಲ್ಲಿ ಬರೆದಿಲ್ಲ. ಶನಿವಾರ ರೇಸಿದೆ. ನಾಳೆ ಬೆಳಿಗ್ಗೆ ನಾನು ಯೋಗೇಶರ ಗ್ಯಾರೇಜಿಗೆ ಹೋಗಿ, ಗೋಡೆಗೆ ಉಜ್ಜಿಹೋದ ಬಲಮಗ್ಗುಲಿನ ತಗಡನ್ನು ಬಿಚ್ಚಿ ಹೊಸದನ್ನು ಕೂರಿಸುತ್ತೇನೆ.